ಹಿರೇಬೆಣಕಲ್: ಮೋರೇರ ಗುಡ್ಡ

ಇಲ್ಲಿನ ಕಲ್ಲುಮನೆಗಳಿಗೆ ಮೂರು ಚಪ್ಪಡಿಗಳ ಗೋಡೆ, ಮೇಲೊಂದು ಹಾಸುಗಲ್ಲು. ಕೆಲವಕ್ಕೆ ನಾಲ್ಕನೇ ಗೋಡೆಯೂ ಉಂಟು. ಅದರಲ್ಲಿ ದುಂಡಗೆ ಕೊರೆದ ಕಿಂಡಿ. ಮೋರೇರು ಎಂಬ ಕುಳ್ಳ ಜನ ಈ ಮನೆಗಳಲ್ಲಿ ಬಾಳಿದರೆಂದು ಊರವರ ಕಥೆ. ಕಿಂಡಿಯ ಅಳತೆ ನೋಡಿದರೆ ಕಥೆ ಹುಟ್ಟಿದ್ದು ಸಹಜವೇ. ಆದರೆ ಇವು ಬೃಹತ್ ಶಿಲಾಯುಗದವರು ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳು. 2,000 ವರ್ಷಕ್ಕೂ ಹಳೆಯವು. ಇಂಥವು ಗುಡ್ಡದ ಮೇಲೆ ನೂರಾರಿವೆ. ಚಪ್ಪಡಿ ಎಬ್ಬಿಸಿದ ಗುಂಡಿಯೇ ಇಲ್ಲಿನ ಕೆರೆ.

ಗುಡ್ಡದಲ್ಲಿ ಕಲ್ಲಿನ ನಗಾರಿಯೂ ಒಂದಿದೆ: ಎತ್ತರದ ಬಂಡೆಯ ಮೇಲಿರುವ ಅರ್ಧಗೋಳದ ಕಲ್ಲು. ಮರದ ಕೊಡತಿಯಿಂದ ಬಡಿದರೆ ಸದ್ದು ಸುಮಾರು 1 ಕಿ.ಮೀ. ದೂರ ಕೇಳುತ್ತದೆ. 2021ರಿಂದ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ನಿಧಿಗಳ್ಳರು ಹಲವು ಗೋರಿಗಳನ್ನು ಕೆಡವಿದ್ದಾರೆ. ಉಳಿದವುಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ.