ಪತ್ರಮಾದರಿಗಳ ವಿಕಾಸ

ಒಂದೇ ಬಗೆಯ ಪತ್ರವನ್ನು ಪುನಃ ಪುನಃ ಬರೆಯಬೇಕಾಗಿ ಬಂದ ಕಡೆಗಳಲ್ಲೆಲ್ಲ, ಮಾರ್ಪಡದ ಭಾಗವನ್ನು ಮೊದಲೇ ಸಿದ್ಧಪಡಿಸಿಟ್ಟು, ಮಾರ್ಪಡುವ ಭಾಗಕ್ಕೆ ಮಾತ್ರ ತೆರಪು ಬಿಡುವ ಉಪಾಯವನ್ನು ಕರಣಿಕವರ್ಗವು ಬಹು ಹಿಂದೆಯೇ ಕಂಡುಕೊಂಡಿತ್ತು. ಗುಜರಾತಿನಲ್ಲಿ ಸಂಕಲಿತವಾದ ‘ಲೇಖಪದ್ಧತಿ’ಯೆಂಬ ಮಧ್ಯಯುಗದ ಸಂಸ್ಕೃತ ಗ್ರಂಥವು ಶಾಸನ, ಸಾಲಪತ್ರ, ಖಾಸಗಿ ಓಲೆ ಮೊದಲಾದವುಗಳ ಮಾದರಿಗಳನ್ನು ಒಂದೆಡೆ ಒದಗಿಸಿತು, ನಮ್ಮ ನಾಡಿನ ದಾನಶಾಸನಗಳಲ್ಲಿಯೂ ದಾನಿ, ಭೂಮಿ, ಎಲ್ಲೆಗಳು ಬೇರೆಯಾದರೂ ಕೊನೆಯ ಶಾಪಾಶಯದ ಶ್ಲೋಕಗಳು ಪ್ರಾಯಶಃ ಅವೇ ಆಗಿರುತ್ತವೆ.

ಆದರೆ ಈ ಮಾದರಿಗಳು ಒದಗಿಸಿದುದು ಮಾತನ್ನು; ಮಾತಿನಿಂದ ರೂಪವನ್ನು ಬೇರ್ಪಡಿಸಿ, ರೂಪವನ್ನೇ ಪ್ರತ್ಯೇಕವಾಗಿ ಕಾಪಿಡುವ ವಿಚಾರವು ಬಲಿತದ್ದು ಗಣಕಯಂತ್ರದ ಕಾಲದಲ್ಲಿ. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಬ್ರಯನ್ ರೀಡ್ ರಚಿಸಿದ ‘ಸ್ಕ್ರೈಬ್’ ತಂತ್ರಾಂಶದಲ್ಲಿ, ಇದು ಅಧ್ಯಾಯದ ಶೀರ್ಷಿಕೆ, ಇದು ಉದ್ಧೃತ ಭಾಗ ಎಂದು ಸೂಚಿಸುವುದಷ್ಟೇ ಬರೆಹಗಾರನ ಕೆಲಸ. ಅದು ಹೇಗೆ ಕಾಣಬೇಕೆಂಬ ನಿರ್ಣಯ ಬೇರೊಂದು ಕಡೆ ಇರುತ್ತಿತ್ತು. ಇತ್ತ ಜ಼ೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ 1974ರಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನ್ಯಿ ಇವರು ನಿರ್ಮಿಸಿದ ‘ಬ್ರಾವೋ’, ಮುದ್ರಿತವಾಗುವ ರೂಪವನ್ನೇ ತೆರೆಯ ಮೇಲೆ ತೋರಿಸಿತು. ಸಿಮೋನ್ಯಿ 1981ರಲ್ಲಿ ಮೈಕ್ರೋಸಾಫ್ಟಿಗೆ ಹೋದರು. ಆ ಸಂಸ್ಥೆಯ 1983ರ ‘ವರ್ಡ್’, ರೂಪದ ನಿರ್ಣಯಗಳನ್ನು ಪ್ರತ್ಯೇಕವಾಗಿ ಕಾಪಿಡುವ ಶೈಲಿಪತ್ರಗಳೊಡನೆ ಬಂತು. 1989ರ ವಿಂಡೋಸ್ ಆವೃತ್ತಿಯಲ್ಲಿ ಟೆಂಪ್ಲೇಟ್ ಎಂಬುದು ತನ್ನದೇ ಆದ ಕಡತವಾಗಿ ನೆಲೆನಿಂತಿತು. ನಾವು ತೆರೆಯುವ ಪ್ರತಿಯೊಂದು ಖಾಲಿ ಪುಟವೂ ವಸ್ತುತಃ ‘ನಾರ್ಮಲ್’ ಎಂಬ ಟೆಂಪ್ಲೇಟಿನ ಸಂತಾನವೆಂಬುದನ್ನು ಎಷ್ಟೋ ಜನ ಗಮನಿಸಿಯೇ ಇರಲಾರರು.

ಈ ಸರ್ವವ್ಯಾಪಿತ್ವವೇ ಒಮ್ಮೆ ವಿಪತ್ತಿಗೂ ದಾರಿಮಾಡಿತು. 1995ರಲ್ಲಿ ಕಾಣಿಸಿಕೊಂಡ ‘ಕಾನ್ಸೆಪ್ಟ್’ ಎಂಬ ಮ್ಯಾಕ್ರೋ (ಕಡತದೊಳಗಿನ ಆದೇಶಮಾಲೆ) ವೈರಸ್ ಆ ಮೂಲ ಟೆಂಪ್ಲೇಟನ್ನೇ ಹೊಕ್ಕು, ಅನಂತರ ಕಾಪಿಡುವ ಕಡತಗಳಿಗೆಲ್ಲ ತನ್ನನ್ನು ಅಂಟಿಸುತ್ತಿತ್ತು. 2007ರ ಆವೃತ್ತಿಯಲ್ಲಿ ಮ್ಯಾಕ್ರೋ ಇರುವ ಟೆಂಪ್ಲೇಟಿಗೂ ಇಲ್ಲದುದಕ್ಕೂ ಬೇರೆಬೇರೆ ಕಡತ-ವಿಸ್ತರಣೆಗಳನ್ನಿತ್ತದ್ದು ವಿವೇಕದ ಕ್ರಮ.

ಇಷ್ಟೆಲ್ಲ ಸೌಕರ್ಯವಿದ್ದರೂ ಕಚೇರಿಗಳಲ್ಲಿ ರೂಢಿಯಾಗಿರುವುದು ಹೋದ ವರ್ಷದ ಪತ್ರವನ್ನೇ ತೆರೆದು ತಿದ್ದುವ ಪರಿಪಾಠ. ಹಳೆಯ ದಿನಾಂಕವೊಂದು, ಕೆಲವೊಮ್ಮೆ ಹಳೆಯ ವಿಳಾಸದಾರನ ಹೆಸರೇ, ಹೊಸ ಪತ್ರದಲ್ಲಿ ಉಳಿದುಹೋಗುವುದು ಇದರ ಫಲ. ಟೆಂಪ್ಲೇಟನ್ನು ತೆರೆದಾಗಲಾದರೋ ಹೆಸರಿಡದ ಹೊಸ ಕಡತ ಹುಟ್ಟುತ್ತದೆ, ಮೂಲಕ್ಕೆ ಚ್ಯುತಿಯಿಲ್ಲ. ಅದನ್ನು ತನ್ನದಾಗಿಸಿಕೊಳ್ಳಬಯಸುವವನು ಪ್ರತಿ ಶೀರ್ಷಿಕೆಯನ್ನೂ ಕೈಯಿಂದ ದಪ್ಪಗೊಳಿಸುತ್ತ ಹೋಗದೆ, ‘ಹೆಡಿಂಗ್’ ಎಂಬ ಶೈಲಿಯನ್ನೇ ತಿದ್ದಿ, ಕಾಗದದ ಅಳತೆಯನ್ನು ಎ4ಕ್ಕೆ ನಿಲ್ಲಿಸಿ, ಟೆಂಪ್ಲೇಟಾಗಿ ಉಳಿಸಬೇಕು. ಪಾಂಡಿತ್ಯವನ್ನೇನೂ ಬೇಡದ ಈ ಕೆಲಸವನ್ನು ಜನ ಮುಂದೂಡುವುದು ನನಗೆ ಸೋಜಿಗವಾಗಿಯೇ ಉಳಿದಿದೆ.

ಕನ್ನಡದಲ್ಲಿ ಈ ಕೆಲಸಕ್ಕೆ ವಿಶೇಷವಾದ ತೊಡಕುಗಳಿದ್ದವು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳ ಕಾಲದಲ್ಲಿ ಅಕ್ಷರದ ಅಸ್ತಿತ್ವವೇ ಫಾಂಟಿಗೆ ಅಧೀನವಾಗಿದ್ದುದರಿಂದ, ಶೈಲಿಯ ಫಾಂಟನ್ನು ಬದಲಿಸಿದೊಡನೆ ಬರೆಹವು ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತಿತ್ತು. ಯೂನಿಕೋಡ್ ಆ ಬಂಧನವನ್ನು ಬಿಡಿಸಿತು. ಆದರೂ ವರ್ಡಿನಲ್ಲಿಯೂ ಲಿಬ್ರೆಆಫೀಸಿನಲ್ಲಿಯೂ ಕನ್ನಡವು ‘ಸಂಕೀರ್ಣ ಲಿಪಿ’ಗಳ ವರ್ಗಕ್ಕೆ ಸೇರಿದುದರಿಂದ, ಲ್ಯಾಟಿನ್ ಲಿಪಿಗೆ ಗೊತ್ತುಮಾಡಿದ ಫಾಂಟೂ ಗಾತ್ರವೂ ಅದಕ್ಕೆ ಅನ್ವಯಿಸವು, ಶೈಲಿಯೊಳಗೆ ಅವನ್ನು ಪ್ರತ್ಯೇಕವಾಗಿ ನಿಗದಿಪಡಿಸಬೇಕು. ಸಾಲುಗಳ ಅಂತರವನ್ನಂತೂ ಇಂಗ್ಲಿಷ್ ಟೆಂಪ್ಲೇಟಿನಿಂದ ಎರವಲು ತರಲೇಬಾರದು: ಇಷ್ಟೇ ಪಾಯಿಂಟೆಂದು ಬಿಗಿದಿಟ್ಟ ಅಂತರವು ಕಿರಿದಾದರೆ ‘ರಾಷ್ಟ್ರ’ದ ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ.