ಘಾನಾಕ್ಕೆ ಹೋದ ಮುಯ್ಯಾಳುಗಳು

1962ರ ಜೂನ್ ತಿಂಗಳು. ವೈಟ್ ಹೌಸಿನ ಹುಲ್ಲುಹಾಸಿನ ಮೇಲೆ ಕಾಲೇಜು ಹುಡುಗ ಹುಡುಗಿಯರ ದೊಡ್ಡ ಗುಂಪು. ಬೇಸಿಗೆ ರಜೆಯಲ್ಲಿ ಆಫ್ರಿಕಾದ ಹಳ್ಳಿಗಳಿಗೆ ಹೋಗಿ ಮಣ್ಣು ಅಗೆದು, ಇಟ್ಟಿಗೆ ಹೊರಲು ಹೊರಟವರು. ಅವರನ್ನು ಬೀಳ್ಕೊಡುತ್ತಾ ಅಧ್ಯಕ್ಷ ಕೆನಡಿ ಒಂದು ವಿಷಯ ಒಪ್ಪಿಕೊಂಡರು: ಪೀಸ್ ಕೋರ್ ಅನ್ನೋದಕ್ಕೆ ಮೂಲವೇ ನಿಮ್ಮ ಈ ಕೆಲಸ ಅಂತ. ಪೀಸ್ ಕೋರ್ ನಮ್ಮ ಹಿರಿಯರಲ್ಲಿ ಕೆಲವರಿಗೆ ಗೊತ್ತಿರುತ್ತೆ. 60ರ ದಶಕದಲ್ಲಿ ಅದರ ಸ್ವಯಂಸೇವಕರು ಮೈಸೂರು ರಾಜ್ಯಕ್ಕೂ ಬಂದಿದ್ದರು. ಆದರೆ ಅದಕ್ಕೂ ಮೊದಲೇ ಇದನ್ನು ಮಾಡಿ ತೋರಿಸಿದ ಹಾರ್ಲೆಮ್‌ನ ಪಾದ್ರಿಯೊಬ್ಬರ ಹೆಸರು ಎಷ್ಟು ಜನ ಕೇಳಿದ್ದೇವೆ?

ಜೇಮ್ಸ್ ಹರ್ಮನ್ ರಾಬಿನ್ಸನ್. 1907ರಲ್ಲಿ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ, ಕಡುಬಡತನದ ಕೇರಿಯೊಂದರಲ್ಲಿ ಹುಟ್ಟಿದ ಕಪ್ಪು ಹುಡುಗ. ಓದಿ ಪಾದ್ರಿಯಾಗಿ, 1938ರಿಂದ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಚರ್ಚ್ ನಡೆಸಿದರು. ಆ ಕೇರಿಯ ಮಕ್ಕಳಿಗಾಗಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನ ಮಧ್ಯೆ ಬೇಸಿಗೆ ಶಿಬಿರ ಕಟ್ಟಿದರು. ಅದನ್ನು ಕಟ್ಟಲು ಕೈಜೋಡಿಸಿದವರು ಕಾಲೇಜು ವಿದ್ಯಾರ್ಥಿಗಳು, ಕಪ್ಪು ಬಿಳಿ ಎಂಬ ಭೇದವಿಲ್ಲದೆ. ಉಪದೇಶದಿಂದ ಆಗದ್ದು ಒಟ್ಟಿಗೆ ಬೆವರು ಸುರಿಸಿದರೆ ಆಗುತ್ತೆ ಅನ್ನೋ ನಂಬಿಕೆ ಅವರಿಗೆ ಅಲ್ಲೇ ಗಟ್ಟಿಯಾಯಿತು ಅಂತ ನನಗನ್ನಿಸುತ್ತೆ.

1957 ಎರಡು ಸುದ್ದಿಗಳ ವರ್ಷ. ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನಲ್ಲಿ 9 ಕಪ್ಪು ಮಕ್ಕಳು ಬಿಳಿಯರ ಹೈಸ್ಕೂಲಿಗೆ ಹೋಗಲು ಸೈನ್ಯದ ಕಾವಲು ಬೇಕಾಯಿತು. ಆಫ್ರಿಕಾ ತಲೆಯೆತ್ತುತ್ತಿದ್ದರೆ ಅಮೆರಿಕ ತಲೆ ತಗ್ಗಿಸುವಂಥ ಸ್ಥಿತಿ. ಮರುವರ್ಷದ ಬೇಸಿಗೆಯಲ್ಲಿ ರಾಬಿನ್ಸನ್ ಅರವತ್ತರ ಆಸುಪಾಸಿನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಾನಾ, ನೈಜೀರಿಯಾ, ಕ್ಯಾಮರೂನ್ ಮುಂತಾದ ಕಡೆ ಹೊರಟೇಬಿಟ್ಟರು. ಈ ಯೋಜನೆಯ ಹೆಸರು 'ಆಪರೇಷನ್ ಕ್ರಾಸ್‌ರೋಡ್ಸ್ ಆಫ್ರಿಕಾ'.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ನಿಯಮಗಳು. ಹೋಗೋರು ತಮ್ಮ ಖರ್ಚಿನ ಒಂದು ಪಾಲನ್ನು ತಾವೇ ಹೊಂದಿಸಬೇಕು. ಹಳ್ಳಿಯಲ್ಲಿ ಸಿಕ್ಕಿದ ಜಾಗದಲ್ಲಿ ಮಲಗಬೇಕು. ಆಯಾ ದೇಶದ ವಿದ್ಯಾರ್ಥಿಗಳೂ ಜೊತೆಯಲ್ಲೇ ಗುದ್ದಲಿ ಹಿಡಿಯಬೇಕು. ಬಿಳಿಯ ಬಂದು ಕೆಲಸ ಮಾಡೋದು, ಊರಿನವರು ನೋಡೋದು ಹೀಗಾಗಬಾರದು. ಎಲ್ಲ ಧರ್ಮದವರಿಗೂ ಅವಕಾಶವಿತ್ತು, ಮತಪ್ರಚಾರ ಇರಲಿಲ್ಲ. ಚರ್ಚಿನ ಮಡಿಲಲ್ಲಿ ಹುಟ್ಟಿದ ಶಿಬಿರ ಹೀಗಿದ್ದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ವಸಾಹತು ಕಾಲದಲ್ಲಿ ಎಷ್ಟೋ ಕಡೆ ಶಾಲೆ, ಆಸ್ಪತ್ರೆಯ ಜೊತೆ ಪ್ರಾರ್ಥನೆಯೂ ಬರುತ್ತಿತ್ತು. ಕೊನೆಯ ನಿಯಮ ಇನ್ನೂ ಮುಖ್ಯವಾದದ್ದು: ಮನೆಗೆ ಬಂದ ಮೇಲೆ ಊರೂರಿನ ಚರ್ಚು, ಕ್ಲಬ್ಬು, ಶಾಲೆಗಳಲ್ಲಿ ಕಂಡದ್ದನ್ನು ಹೇಳಬೇಕು. ಟಾರ್ಜಾನ್ ಸಿನಿಮಾ ನೋಡಿ ಆಫ್ರಿಕಾ ಅಂದರೆ ಇಷ್ಟೇ ಅಂದುಕೊಂಡಿದ್ದ ಜನರಿಗೆ.

ಲೆಕ್ಕ ಹಾಕಿ ನೋಡಿ. ಗಾರೆ ಕರಣೆ ಹಿಡಿದು ಗೊತ್ತಿಲ್ಲದ ಹತ್ತಾರು ಹುಡುಗರನ್ನು ಸಾವಿರಾರು ಮೈಲಿ ಕರೆದೊಯ್ದು ಒಂದು ಗೋಡೆ ಕಟ್ಟಿಸೋದು ಲಾಭವೇ? ಅದೇ ದುಡ್ಡಿಗೆ ಊರಿನ ಮೇಸ್ತ್ರಿ ಹತ್ತು ಗೋಡೆ ಎಬ್ಬಿಸುತ್ತಿದ್ದ. ರಾಬಿನ್ಸನ್‌ಗೂ ಇದು ಗೊತ್ತಿತ್ತು. ಗೋಡೆ ಒಂದು ನೆಪ, ಕಟ್ಟಬೇಕಾದದ್ದು ಹೋದವರ ಮನಸ್ಸನ್ನು, ಇದು ಅವರ ನಿಲುವು. ಹಾಗೆ ಹೋಗಿಬಂದವರಲ್ಲಿ ಎಲೆನರ್ ಹೋಮ್ಸ್ ನಾರ್ಟನ್ ಒಬ್ಬರು. ಕಪ್ಪು ಜನರ ಹಕ್ಕಿನ ಹೋರಾಟದಲ್ಲಿ ದುಡಿದು, ಮುಂದೆ ಅಮೆರಿಕದ ಸಂಸತ್ತಿನಲ್ಲಿ ವಾಷಿಂಗ್ಟನ್ ನಗರದ ಪ್ರತಿನಿಧಿಯಾದರು.

ಆದರೆ ಕಥೆ ಇಷ್ಟೇ ಆದರೆ ಹಳ್ಳಿಯವರ ಪಾಲೇನು? ಅವರು ಅಮೆರಿಕದ ಹುಡುಗರಿಗೆ ಪಾಠಶಾಲೆಯಾಗಿ ಕೂತಿದ್ದರಾ?

ಇಲ್ಲಿ ಒಂದು ಸಂಗತಿ ಮರೆಯಬಾರದು. ಕ್ರಾಸ್‌ರೋಡ್ಸ್ ಹೋಗೋಕೂ ಮೊದಲೇ, 1956ರಲ್ಲಿ, ಘಾನಾದ ಯುವಜನರು ತಮ್ಮದೇ ಸ್ವಯಂಸೇವಾ ಶಿಬಿರಗಳ ಸಂಘ ಕಟ್ಟಿಕೊಂಡಿದ್ದರು. ಅದಕ್ಕೂ ಹಿಂದಿನಿಂದ ಅಲ್ಲಿನ ಅಕಾನ್ ಜನರಲ್ಲಿ 'ನ್ನೊಬೊವಾ' ಎಂಬ ಪದ್ಧತಿ ಇದೆ: ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನಮ್ಮ ಹೊಲಕ್ಕೆ ನೀನು. ಓದಿದ ಕೂಡಲೇ ನನಗೆ ನಮ್ಮ ಮುಯ್ಯಾಳು ನೆನಪಾಯಿತು. ನಾಟಿ, ಕೊಯ್ಲಿನ ಕಾಲದಲ್ಲಿ ಕೂಲಿಯ ಮಾತಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯೋದು. ಅದು ದಾನವಲ್ಲ, ಉಪಕಾರವೂ ಅಲ್ಲ. ಮುಯ್ಯಿ ಅಂದರೆ ತೀರಿಸಲೇಬೇಕಾದದ್ದು.

ಈ ಕಣ್ಣಿನಿಂದ ನೋಡಿದರೆ ರಾಬಿನ್ಸನ್‌ರ ಕೊನೆಯ ನಿಯಮದ ತೂಕ ಗೊತ್ತಾಗುತ್ತೆ. ಊರೂರು ತಿರುಗಿ ಹೇಳೋದೇ ಆ ಹುಡುಗರು ತೀರಿಸಬೇಕಿದ್ದ ಮುಯ್ಯಿ. ಪೂರ್ತಿ ತೀರಿತು ಅಂತ ನಾನು ಹೇಳಲಾರೆ. ಅಲ್ಲಿನ ಹಳ್ಳಿಯವರು ಬಂದು ಹಾರ್ಲೆಮ್‌ನ ಗೋಡೆ ಕಟ್ಟುವ ದಿನ ಹಾಗೆ ಸುಲಭಕ್ಕೆ ಬರೋದಲ್ಲ. ಆದರೆ ಸಾಲ ಇದೆ ಅನ್ನೋದನ್ನಾದರೂ ಅವರು ಲೆಕ್ಕಕ್ಕೆ ಬರೆದುಕೊಂಡರು.

ಎಲ್ಲರೂ ಹಾಗಿರಲಿಲ್ಲ. ಅದಕ್ಕೇ ಹತ್ತು ವರ್ಷಗಳ ನಂತರ, 1968ರಲ್ಲಿ, ಇನ್ನೊಬ್ಬ ಪಾದ್ರಿ ಇವಾನ್ ಇಲಿಚ್ ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಮುಂದೆ ನಿಂತು ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ಬನ್ನಿ, ನೋಡಿ, ಕಲಿಯಿರಿ. ಉದ್ಧಾರ ಮಾಡ್ತೀವಿ ಅಂತ ಮಾತ್ರ ಬರಬೇಡಿ. ಇದು ಆ ಭಾಷಣದ ಸಾರ. ಇಬ್ಬರು ಪಾದ್ರಿಗಳು ವಿರುದ್ಧ ದಿಕ್ಕಿನಲ್ಲಿ ನಿಂತ ಹಾಗೆ ಕಾಣುತ್ತೆ. ನನಗೆ ಹಾಗನ್ನಿಸಲ್ಲ. ಹಳ್ಳಿಗೆ ಹೋಗೋನು ಕೊಡೋಕೆ ಹೋಗ್ತಿಲ್ಲ, ಪಡೆಯೋಕೆ ಹೋಗ್ತಿದ್ದಾನೆ ಅನ್ನೋದರಲ್ಲಿ ಇಬ್ಬರದೂ ಒಂದೇ ಮಾತು. ಇಲಿಚ್ ಹಾಗಾಗಿ ನಿಮ್ಮ ಗುದ್ದಲಿ ಬೇಡ ಅಂದರು. ರಾಬಿನ್ಸನ್ ಗುದ್ದಲಿ ಇರಲಿ, ಅಹಂಕಾರ ಬೇಡ ಅಂದರು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಕಂಪನಿಗಳ ಸಿಎಸ್‌ಆರ್ ಶನಿವಾರಗಳೂ ಈ ಶಿಬಿರಗಳ ದೂರದ ನೆಂಟರೇ. ಒಂದೇ ಬಣ್ಣದ ಟೀ ಶರ್ಟು, ಹಳ್ಳಿ ಶಾಲೆಯ ಗೋಡೆಗೆ ಬಣ್ಣ, ಒಂದು ಗ್ರೂಪ್ ಫೋಟೋ, ಸಂಜೆ ಆರಕ್ಕೆ ವಾಪಸ್ ಬಸ್ಸು. ತಪ್ಪು ಅಂತಲ್ಲ. ಆದರೆ ಮುಂದಿನ ಸಲ ಬಸ್ಸು ಹತ್ತೋ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಆ ಊರಿನ ಹುಡುಗರು ನಮ್ಮ ಜೊತೆ ಕುಂಚ ಹಿಡಿದಿದ್ದಾರಾ, ಇಲ್ಲ ಪಕ್ಕದಲ್ಲಿ ನಿಂತು ನೋಡ್ತಿದ್ದಾರಾ? ಸೋಮವಾರ ಆಫೀಸಿಗೆ ಹೋದಾಗ ಆ ಊರಿನ ಬಗ್ಗೆ ಹೇಳೋಕೆ ನಮ್ಮ ಹತ್ತಿರ ಫೋಟೋ ಬಿಟ್ಟು ಬೇರೆ ಏನಾದರೂ ಇರುತ್ತಾ?