ಹೊರಗೆ ಹೊಳಪು, ಒಳಗೆ ತುಕ್ಕು: ಪುಣೆಯ ಹಳೇ ಕಾರುಗಳು ಮತ್ತು ಮನೆಮದ್ದು

ಇವತ್ತಿನ ಮಾತು ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ತುಕ್ಕಿನದ್ದು. ನಮ್ಮ ಧಾರವಾಡದ ಕಡೆ ಇದಕ್ಕೆ ಜಂಗು ಅಂತಾನೂ ಅಂತಾರೆ, ಇಲ್ಲಿ ಪುಣೆಯ ಮರಾಠಿಯಲ್ಲಿ ಗಂಜ್. ಹೆಸರು ಯಾವುದಾದರೇನು, ಕಬ್ಬಿಣ ತಿನ್ನೋದು ಒಂದೇ ಥರ.

1996ರ ಮಳೆಗಾಲ. ನಮ್ಮಪ್ಪನ ಕಾರಿಗೆ ಹದಿನೈದು ವರ್ಷ ತುಂಬಿತ್ತು. ನೋಂದಣಿ ನವೀಕರಿಸಬೇಕು, ಅದಕ್ಕೂ ಮುಂಚೆ ಒಮ್ಮೆ ತೋರಿಸೋಣ ಅಂತ ಗ್ಯಾರೇಜಿಗೆ ಒಯ್ದಿದ್ದೆವು. ಗಾಡಿ ಕನ್ನಡಿ ಹಾಗೆ ಹೊಳೀತಿತ್ತು. ಮಿಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ನೆಲಕ್ಕೆ ಮಲಗಿ, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳ ಮುರಿದ ಹಾಗೆ ಸದ್ದಾಯ್ತು, ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯ್ತು. ಪ್ರತಿ ಭಾನುವಾರ ಆ ಗಾಡಿ ಒರೆಸಿದ್ದ ಅಪ್ಪ ಒಂದು ಮಾತೂ ಆಡಲಿಲ್ಲ.

ಇಷ್ಟು ಜೋಪಾನ ಮಾಡಿದ ಗಾಡಿ ಹೀಗೇಕಾಯ್ತು? ಈ ಪ್ರಶ್ನೆ ನನ್ನನ್ನ ಬಹಳ ವರ್ಷ ಕಾಡಿದೆ. ಉತ್ತರ ಹುಡುಕ್ತಾ ಹೋದರೆ ಅದರ ಹಿಂದೆ ಒಂದು ಇತಿಹಾಸವೇ ಇದೆ.

ಮೊದಲು, ಅಷ್ಟೊಂದು ಜೋಪಾನ ಯಾಕೆ ಅನ್ನೋದನ್ನ ನೋಡೋಣ. ಆಗ ಕಾರು ಅಂದ್ರೆ ದುಡ್ಡು ಕೊಟ್ಟು ಮರುದಿನ ತರೋ ವಸ್ತು ಆಗಿರಲಿಲ್ಲ. ಕಾರ್ಖಾನೆ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ಕೊಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್, ಮುಂಬೈಯ ಕುರ್ಲಾದಲ್ಲಿ ಫಿಯಟ್ 1100, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆಚ್ಚುಕಡಿಮೆ ಇಷ್ಟೇ ಆಯ್ಕೆ. ಆ ಫಿಯಟ್ಟೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಈ ಕಾಯುವಿಕೆ ನಿಧಾನವಾಗಿ ಸಡಿಲ ಆಯ್ತು. ಅಲ್ಲೀತನಕ ಕೊಂಡ ಕಾರು ಜೀವಮಾನದ್ದು. ಹಾಗಾಗಿ ತುಕ್ಕು ಅಂದ್ರೆ ಬರೀ ಕಲೆ ಅಲ್ಲ, ಮನೆಗೆ ಬಿದ್ದ ಗೆದ್ದಲು.

ಪುಣೆಯಲ್ಲಿ ಇದಕ್ಕೆ ಇನ್ನೊಂದು ಮುಖ ಇತ್ತು. ಪಿಂಪ್ರಿ, ಚಿಂಚವಾಡ, ಆಕುರ್ಡಿ ಅಂದ್ರೆ ಟೆಲ್ಕೊ ಲಾರಿ, ಬಜಾಜ್ ಸ್ಕೂಟರ್‌ಗಳ ಸೀಮೆ. ಕರ್ನಾಟಕದಿಂದಲೂ ಎಷ್ಟೋ ಜನ ಆ ಕಡೆ ಕೆಲಸಕ್ಕೆ ಬಂದರು, ಅಪ್ಪನೂ ಹಾಗೇ ಬಂದವರು. ಕಬ್ಬಿಣದ ಜತೆ ದಿನಾ ಒಡನಾಡುವ ಜನ ಮನೆಗೆ ಬಂದು ತಮ್ಮ ಗಾಡಿಗೂ ಮದ್ದು ಮಾಡೋರು. ಬಿಡಿಭಾಗ ಬೇಕಾದರೆ ನಾನಾ ಪೇಠ, ಹಳೇ ಸಾಮಾನು ಬೇಕಾದರೆ ಜುನಾ ಬಜಾರ್. ಉಳಿದದ್ದೆಲ್ಲ ಅಡುಗೆಮನೆ ಮತ್ತು ಅಂಗಳದಲ್ಲೇ.

ಆ ಮನೆಮದ್ದುಗಳನ್ನ ಒಂದೊಂದಾಗಿ ನೋಡೋಣ.

ಒಂದು, ಎಂಜಿನ್‌ನಿಂದ ತೆಗೆದ ಕಪ್ಪು ಎಣ್ಣೆ. ಮಳೆಗಾಲಕ್ಕೆ ಮುಂಚೆ ಅದನ್ನ ಬ್ರಶ್‌ನಲ್ಲಿ ಗಾಡಿಯ ಹೊಟ್ಟೆಗೆ ಬಳಿಯೋದು. ಇದು ಕೆಲಸ ಮಾಡುತ್ತೆ, ಸುಳ್ಳಲ್ಲ. ಎಣ್ಣೆ ಇದ್ದಲ್ಲಿ ನೀರು ಕಬ್ಬಿಣಕ್ಕೆ ಅಂಟಲ್ಲ. ಆದರೆ ಆ ಎಣ್ಣೆ ರಬ್ಬರ್ ಬುಶ್‌ಗಳನ್ನ ಉಬ್ಬಿಸುತ್ತೆ, ಕೈಚರ್ಮಕ್ಕೆ ಒಳ್ಳೇದಲ್ಲ, ತೊಟ್ಟಿಕ್ಕಿದ್ದು ಮಣ್ಣಿಗೂ ಬಾವಿಗೂ ಸೇರುತ್ತೆ. ಇವತ್ತು ಯಾರೂ ಮಾಡಬೇಡಿ.

ಎರಡು, ಅಗಸೆ ಎಣ್ಣೆ. ನಾವು ಅಗಸೆ ಹಿಂಡಿ ಮಾಡ್ತೀವಲ್ಲ, ಅದೇ ಅಗಸೆ, ಮರಾಠಿಯಲ್ಲಿ ಜವಸ. ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಎಣ್ಣೆಯೇ, ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆ ಆಗುತ್ತೆ. ಹಳೇ ಕಾಲದ ಎಣ್ಣೆಬಣ್ಣಗಳು ನಿಂತದ್ದೇ ಈ ಗುಣದ ಮೇಲೆ. ಒಂದು ಎಚ್ಚರಿಕೆ: ಇದನ್ನ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಿದರೆ ತಾನೇ ಕಾದು ಹೊತ್ತಿಕೊಳ್ಳಬಹುದು.

ಮೂರು, ಹುಣಸೆಹಣ್ಣು. ಹಿತ್ತಾಳೆ ಪಾತ್ರೆ ತಿಕ್ಕೋ ಹಾಗೆ ಕಬ್ಬಿಣ ತಿಕ್ಕೋದು. ಹುಣಸೆಯ ಆಮ್ಲ ತುಕ್ಕು ಕರಗಿಸೋದು ನಿಜ. ಆದರೆ ಅದು ಶುಚಿ ಮಾಡೋ ಮದ್ದೇ ಹೊರತು ಕಾಯೋ ಮದ್ದಲ್ಲ. ತೊಳೆದು, ಒಣಗಿಸಿ, ಕೂಡಲೇ ರೆಡ್ ಆಕ್ಸೈಡ್ ಹೊಡೆಯದಿದ್ದರೆ ಮರುದಿನವೇ ಕೆಂಪು.

ನಾಲ್ಕನೆಯದು ಮನೆಯಲ್ಲಿ ಯಾರೂ ಗಾಡಿಗೆ ಹಾಕಿದ್ದನ್ನ ನಾನು ನೋಡಿಲ್ಲ, ಆದರೂ ಹೇಳಲೇಬೇಕು. ಪುಣೆ ಜಿಲ್ಲೆಯ ಭೀಮಾಶಂಕರ, ಜುನ್ನರ್ ಕಾಡುಗಳಲ್ಲಿ ಹಿರಡಾ ಆರಿಸ್ತಾರೆ, ನಮ್ಮ ಅಳಲೆಕಾಯಿ. ಅಳಲೆಕಾಯಿ, ಅಣ್ಣಭೇದಿ ಸೇರಿಸಿ ಹಿಂದೆ ಕಪ್ಪು ಮಸಿ ಮಾಡ್ತಿದ್ದರು. ಕಾಯಿಯ ಒಗರು, ಅಂದ್ರೆ ಟ್ಯಾನಿನ್, ಕಬ್ಬಿಣದ ಜತೆ ಸೇರಿ ಕಪ್ಪಾಗಿ ಕೂತುಬಿಡುತ್ತೆ. ಈಗ ಅಂಗಡಿಯಲ್ಲಿ ‘ರಸ್ಟ್ ಕನ್ವರ್ಟರ್’ ಅಂತ ಮಾರೋ ಎಷ್ಟೋ ಬಾಟಲಿಗಳ ಒಳಗಿರೋದು ಇದೇ ರಸಾಯನ. ನಮ್ಮಜ್ಜಂದಿರು ಅದರಲ್ಲಿ ಲೆಕ್ಕ ಬರೆದರು, ನಾವು ಅದನ್ನೇ ಕಾರಿಗೆ ಬಳೀತೀವಿ.

ಸರಿ, ಮದ್ದುಗಳಲ್ಲಿ ಸತ್ವ ಇತ್ತು. ಮತ್ತೆ ಅಪ್ಪನ ಗಾಡಿ ಯಾಕೆ ಹೋಯ್ತು?

ಇಲ್ಲಿ ಎರಡು ಸಂಗತಿ ತಿಳಿಯಬೇಕು. ಮೊದಲನೆಯದು ಕಾರಿನ ಮೈಕಟ್ಟು. ಹಳೇ ಕಾಲದ ಕಾರುಗಳಿಗೆ ಕೆಳಗೆ ದಪ್ಪ ಚಾಸಿ, ಅದರ ಮೇಲೆ ಬಾಡಿ. ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಹಾಗೇ. ಬಾಡಿ ತೂತಾದರೂ ಚಾಸಿ ಹೊರುತ್ತೆ. ಆದರೆ ಅಂಬಾಸಿಡರ್, ಫಿಯಟ್‌ಗಳಲ್ಲಿ ಬಾಡಿಯೇ ಚಾಸಿ. ತೆಳು ತಗಡನ್ನ ಪೆಟ್ಟಿಗೆ ಹಾಗೆ ಮಡಚಿ ಬೆಸುಗೆ ಹಾಕಿ ಬಲ ತರಿಸ್ತಾರೆ. ಬಾಗಿಲ ಕೆಳಗಿನ ಪಟ್ಟಿ ಅಂಥದ್ದೊಂದು ಟೊಳ್ಳು ಪೆಟ್ಟಿಗೆ. ಅದರ ಒಳಮೈಗೆ ಬ್ರಶ್ ಹೋಗಲ್ಲ, ಕಣ್ಣೂ ಹೋಗಲ್ಲ. ಬಲ ಎಲ್ಲಿದೆಯೋ ಅಲ್ಲೇ ಕತ್ತಲೆ.

ಎರಡನೆಯದು ತುಕ್ಕಿನ ಸ್ವಭಾವ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಒಂದು ಸರಳ ಪ್ರಯೋಗ ಮಾಡಿದರು. ಉಜ್ಜಿದ ಕಬ್ಬಿಣದ ಮೇಲೆ ಒಂದು ಹನಿ ಉಪ್ಪುನೀರು. ಹನಿಯ ಅಂಚಿಗೆ ಗಾಳಿ ಸಿಗುತ್ತೆ, ನಡುವಿಗೆ ಸಿಗಲ್ಲ. ಕಬ್ಬಿಣ ಕರಗಿದ್ದು ಎಲ್ಲಿ ಅಂತೀರಿ? ಅಂಚಲ್ಲಲ್ಲ, ಗಾಳಿ ಸಿಗದ ನಡುವಿನಲ್ಲಿ! ಅಂದ್ರೆ ಒದ್ದೆ ಇದ್ದು ಗಾಳಿ ಕಮ್ಮಿ ಇರೋ ಜಾಗವೇ ಮೊದಲು ಸವೆಯೋದು: ಮೆತ್ತಿದ ಕೆಸರಿನ ಕೆಳಗೆ, ಒದ್ದೆ ಗೋಣಿಯ ಕೆಳಗೆ, ಬಿರುಕು ಬಿಟ್ಟ ಡಾಂಬರಿನ ಕೆಳಗೆ. ಇಂಗ್ಲೆಂಡಿನ ಇನ್ನೊಬ್ಬರು, ವರ್ನನ್, ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿದ ಮೇಲೆ ತುಕ್ಕಿನ ವೇಗ ಏರುತ್ತೆ ಅಂತ ತೋರಿಸಿದರು. ಪುಣೆಗೆ ಮುಂಬೈಯ ಉಪ್ಪುಗಾಳಿ ಇಲ್ಲ, ಅಷ್ಟು ಮಳೆಯೂ ಇಲ್ಲ. ಆದರೆ ಮಳೆಗಾಲದ ತಿಂಗಳುಗಳಲ್ಲಿ ತೇವಕ್ಕೆ ಕೊರತೆ ಇಲ್ಲ.

ಈಗ ಅಪ್ಪ ಮಾಡಿದ್ದು ಕೇಳಿ. ಕಾಲೊರೆಸೋಕೆ ಅಂತ ರಬ್ಬರ್ ಮ್ಯಾಟಿನ ಕೆಳಗೆ ಗೋಣಿಚೀಲ ಹಾಸಿದ್ದರು. ಹೊಟ್ಟೆಗೆ ದಪ್ಪ ಡಾಂಬರು ಬಳಿಸಿದ್ದರು. ಅದು ಬಾಗಿಲ ಕೆಳಗಿನ, ಪಟ್ಟಿಯ ಕೆಳಗಿನ ಪುಟ್ಟ ಪುಟ್ಟ ತೂತುಗಳನ್ನೂ ಮುಚ್ಚಿತ್ತು. ಆ ತೂತು ಇರೋದೇ ನೀರು ಇಳಿದು ಹೋಗಲಿ ಅಂತ. ಮೇಲಿಂದ, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಗಾಡಿಗೇ ಪ್ಲಾಸ್ಟಿಕ್ ತಾಡಪತ್ರಿ ಹೊದಿಸೋದು. ನೀರು ಒಳಗೆ ಬರೋಕೆ ದಾರಿ ಇತ್ತು, ಹೊರಗೆ ಹೋಗೋಕೆ ನಾವೇ ಬಿಡಲಿಲ್ಲ. ತಪ್ಪು ಗಾಡಿ ಮಾಡಿದವರದ್ದಲ್ಲ, ನಮ್ಮದು.

ಹೊರದೇಶದವರು ಈ ಪಾಠವನ್ನ ಬೇರೆ ದಾರಿಯಲ್ಲಿ ಕಲಿತರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ಡೆಟ್ರಾಯಿಟ್‌ನಲ್ಲಿ 1950ರ ದಶಕದಲ್ಲಿ ಕರ್ಟ್ ಜೀಬಾರ್ಟ್ ಅನ್ನೋ ಮೆಕ್ಯಾನಿಕ್ ಟೊಳ್ಳುಗಳ ಒಳಕ್ಕೇ ಮದ್ದು ಸಿಂಪಡಿಸೋ ಕೆಲಸ ಶುರುಮಾಡಿದರು. 1960ರ ದಶಕದಲ್ಲಿ ಫೋರ್ಡ್ ಕಂಪನಿ ಇಡೀ ಬಾಡಿಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದಿಗೂ ಬಣ್ಣ ಹತ್ತಿಸಿತು. ಇವತ್ತಿನ ಕಾರುಗಳು ಬೇಗ ತುಕ್ಕು ಹಿಡಿಯದಿರೋಕೆ ಈ ಸ್ನಾನ, ಜತೆಗೆ ಸತುವಿನ ಲೇಪ ಕಾರಣ.

ನಿಮ್ಮ ಮನೆಯಲ್ಲಿ ಹಳೇ ಗಾಡಿ ಇದ್ದರೆ ಮಳೆ ಮುಗಿದ ಮೇಲೆ ಮೂರು ಕೆಲಸ ಮಾಡಿ. ಮ್ಯಾಟು, ಕಾರ್ಪೆಟ್ ಎತ್ತಿ ಬಿಸಿಲಿಗೆ ಹಾಕಿ. ಬಾಗಿಲ ಕೆಳಗಿನ ತೂತುಗಳಿಗೆ ಮೆತ್ತಗೆ ತಂತಿ ಆಡಿಸಿ. ಗಾಡಿ ಪೂರ್ತಿ ಒಣಗಿದ ಮೇಲೆ ಟೊಳ್ಳುಗಳ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಹೊದಿಸಲೇಬೇಕಾದರೆ ಗಾಳಿಯಾಡೋ ಬಟ್ಟೆ. ಪಟ್ಟಿ ಮೆತ್ತಗಾಗಿದ್ದರೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಬೇಡಿ. ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ಅಪಘಾತ ಆದಾಗ ನಿಮ್ಮನ್ನ ಕಾಯೋದು ಅದೇ ಪಟ್ಟಿ.

ನಮ್ಮ ಗಾಡಿಗೆ ಆ ಹೊತ್ತು ಮೀರಿತ್ತು. ಗುಜರಿಗೆ ಕೊಟ್ಟೆವು. ಬರುವಾಗ ರಿಕ್ಷಾದಲ್ಲಿ ಅಪ್ಪ ಅಂದದ್ದು ಇಷ್ಟೇ: “ಹೊರಗ ಎಷ್ಟ ತಿಕ್ಕಿದರೇನಪ್ಪಾ, ಒಳಗ ನೀರ ನಿಂತಿತ್ತಲ್ಲ.” ಆಮೇಲೆ ಬಂದ ಸೆಕೆಂಡ್ ಹ್ಯಾಂಡ್ ಗಾಡಿಗೆ ಅವರು ಪಾಲಿಶ್ ಮಾಡಿದ್ದು ಅಪರೂಪ. ಪ್ರತಿ ದಸರೆಗೆ ಮಾತ್ರ, ಆಯುಧಪೂಜೆಗೆ ಮುಂಚೆ, ಕೆಳಗೆ ಬಗ್ಗಿ ತೂತುಗಳಿಗೆ ತಂತಿ ಆಡಿಸೋರು. ಆ ತಂತಿ ಈಗ ನನ್ನ ಹತ್ತಿರ ಇದೆ.